ಕೇಳದೇ ಹೊದಿಸಿದ ಶಾಲು

ಗೋಪಾಲಪ್ಪನವರ ವಿಸಿಲ್ಲಿಗೆ ಒಂದು ಕಾಲದಲ್ಲಿ ಇಡೀ ಕಾಲೇಜು ಹೆದರುತ್ತಿತ್ತು. ಮಾಕಳಿಯ ಹಳೇ ಮನೆತನದವರು. ತುಮಕೂರು ರಸ್ತೆಯ ಆ ಖಾಸಗಿ ವಿಶ್ವವಿದ್ಯಾಲಯ ಇನ್ನೂ ಶೀಟಿನ ಮಾಡಿನ ಕಾಲೇಜಾಗಿದ್ದಾಗಲೇ ದೈಹಿಕ ಶಿಕ್ಷಣದ ಮೇಷ್ಟರಾಗಿ ಸೇರಿದವರು. ಆಟ ಆಡಿಸುವುದು ಕೆಲಸವಾದರೂ ಅವರಿಗೆ ಹೆಸರು ಬಂದದ್ದು ಸಭೆ ತುಂಬಿಸುವುದರಲ್ಲಿ. ಮುಖ್ಯ ಅತಿಥಿಗಳು ಬರುವ ದಿನ ತರಗತಿಗಳನ್ನು ಖಾಲಿ ಮಾಡಿಸಿ, ಹುಡುಗ ಹುಡುಗಿಯರನ್ನೆಲ್ಲ ಸಭಾಂಗಣಕ್ಕೆ ಅಟ್ಟಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸುತ್ತಿದ್ದರು. ವಂದನಾರ್ಪಣೆ ಮುಗಿದ ಮೇಲೆಯೇ ಹಾಜರಿ. ಅತಿಥಿಗಳೋ, ತುಂಬಿದ ಸಭೆ ನೋಡಿ, ಇಲ್ಲಿನ ಮಕ್ಕಳ ಶ್ರದ್ಧೆಯನ್ನು ಬಾಯ್ತುಂಬ ಹೊಗಳಿ ಕಾರು ಹತ್ತುತ್ತಿದ್ದರು.

ಎರಡು ಸಾವಿರದ ಹದಿಮೂರರಲ್ಲಿ ಹೊಸ ಕುಲಪತಿಗಳು ಬಂದರು. ಇನ್ನು ಮುಂದೆ ಇಲ್ಲಿ ಎಲ್ಲವೂ ವಿದ್ಯಾರ್ಥಿ ಕೇಂದ್ರಿತವಾಗಿರಬೇಕು ಎಂದರು. ಹಾಗೆಂದರೇನೆಂದು ಯಾರಿಗೂ ನೆಟ್ಟಗೆ ತಿಳಿಯಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು. ಕಾರ್ಯಕ್ರಮ ಎಂದರೆ ಗೋಪಾಲಪ್ಪ ಎನ್ನುವುದು ರೂಢಿಯಾಗಿದ್ದರಿಂದ ಅವರನ್ನೇ ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿ ಮಾಡಿ, ಒಂದು ಕೋಣೆ ಕೊಟ್ಟು ಕೂರಿಸಿದರು. ಚಿಲಕ ಹಾಕಿಸಿದವರ ಕೈಗೇ ಬಾಗಿಲು ತೆಗೆಯುವ ಕೆಲಸ ಬಂತು.

ಅವರು ಕರೆದ ಮೊದಲ ಸಭೆಯಲ್ಲಿ ಹುಡುಗರು ಯಾವ ಸಿನಿಮಾ ನಟನನ್ನು ಕರೆಸಬೇಕೆಂದು ಕಿತ್ತಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಬಿಕಾಂ ಮೊದಲನೇ ವರ್ಷದ ಸುಮಂಗಲಾ, ಕೊಪ್ಪಳದ ಕಡೆಯವಳು. ಬೆಂಗಳೂರಿನ ಮಾತನ್ನು ಚೆನ್ನಾಗಿ ರೂಢಿಸಿಕೊಂಡಿದ್ದಳು.

"ಸಾರ್, ಮೊದ್ಲು ಆ ಚಿಲಕ ತೆಗೆಸಿ. ಬರೋರು ಬರ್ಲಿ. ಬರ್ದೇ ಇರೋರನ್ನ ಯಾಕ್ ಬರ್ಲಿಲ್ಲ ಅಂತ ಕೇಳೋಣ."

ಮೂವತ್ತು ವರ್ಷದ ನೌಕರಿಯಲ್ಲಿ ಮಕ್ಕಳನ್ನು ಏನನ್ನಾದರೂ ಕೇಳಬಹುದು ಎಂದು ಗೋಪಾಲಪ್ಪನವರಿಗೆ ಹೊಳೆದಿರಲೇ ಇಲ್ಲ. ಚಿಲಕ ತೆಗೆಸಿದರು, ಹಾಜರಿಯ ಆಸೆಯನ್ನೂ ತೆಗೆದುಹಾಕಿದರು. ಮುಂದಿನ ಕಾರ್ಯಕ್ರಮಕ್ಕೆ ಬಂದವರು ಮುಂದಿನ ಎರಡು ಸಾಲು ತುಂಬಲಿಲ್ಲ. ಅಧ್ಯಾಪಕರು ಒಳಗೊಳಗೇ ನಕ್ಕರು. ಸುಮಂಗಲಾ ಮಾತ್ರ ಕ್ಯಾಂಟೀನಿನಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಯಾಕೆ ಬರಲಿಲ್ಲವೆಂದು ಕೇಳಿದಳು, ಗೋಪಾಲಪ್ಪ ಟೀ ಲೋಟ ಹಿಡಿದು ಅವಳ ಹಿಂದೆ ಹೋದರು. ಐದು ಗಂಟೆಯ ಬಸ್ಸು ತಪ್ಪುತ್ತದೆ ಎಂದರು ಕೆಲವರು. ವೇದಿಕೆ ಹತ್ತುವವರು ಯಾವಾಗಲೂ ಅದೇ ನಾಲ್ಕು ಜನ ಎಂದರು ಹಲವರು. ಹೊತ್ತು ಬದಲಾಯಿತು, ಭಾಷಣ ಹೋಯಿತು, ಲಗೋರಿ ಪಂದ್ಯ ಬಂತು, ಎಲ್ಲರೂ ಅವರವರ ಊರಿನ ತಿಂಡಿ ತಂದು ಹಂಚಿ ತಿನ್ನುವ ಊಟ ಬಂತು. ವರ್ಷ ತಿರುಗುವಷ್ಟರಲ್ಲಿ ಸಭಾಂಗಣದಲ್ಲಿ ಕೂರಲು ಜಾಗ ಸಾಲದಾಯಿತು. ಸುಮಂಗಲಾ ವಿದ್ಯಾರ್ಥಿ ಸಮಿತಿಯ ಕಾರ್ಯದರ್ಶಿಯಾದಳು. ಅವಳ ಜೊತೆ ವಾದಕ್ಕಿಳಿಯಲು ಸೀನಿಯರ್ ಹುಡುಗರೂ ಹಿಂದೆ ಮುಂದೆ ನೋಡುತ್ತಿದ್ದರು.

ಗೋಪಾಲಪ್ಪನವರ ಕೋಣೆಯ ಕಿಟಕಿಯ ಎದುರಿಗೆ ಹೊಸ ಹಾಸ್ಟೆಲ್ ಕಟ್ಟಡ ಏಳುತ್ತಿತ್ತು. ಒಂದು ದಿನ ಸುಮಂಗಲಾ ನೀರಿನ ಬಾಟಲಿಯೊಂದನ್ನು ಇಟ್ಟಿಗೆ ರಾಶಿಯ ಮೇಲಿಟ್ಟು, ಹಿಂತಿರುಗಿಯೂ ನೋಡದೆ ಹೋದದ್ದು ಅವರ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಗಾರೆ ಹೊರುವ ಹೆಂಗಸೊಬ್ಬಳು ಬಂದು ನೀರು ಕುಡಿದು, ಬಾಟಲಿಯನ್ನು ಅಲ್ಲೇ ಇಟ್ಟಳು. ಮರುದಿನವೂ ಹಾಗೆಯೇ. ಮೇಸ್ತ್ರಿ ಆವಲಪ್ಪನನ್ನು ವಿಚಾರಿಸಿದರು. ಅವಳು ಹನುಮವ್ವ, ಆ ಹುಡುಗಿಯ ತಾಯಿ, ದಾಸರಹಳ್ಳಿಯಲ್ಲಿ ಬಾಡಿಗೆ ರೂಮಿನಲ್ಲಿದ್ದಾರೆ ಎಂದ ಆವಲಪ್ಪ.

"ಇಲ್ಲಿ ಒಬ್ರಿಗೊಬ್ರು ಮಾತಾಡಲ್ಲ ಸಾರ್. ಅದೇನೋ ಅವ್ರವ್ರ ಒಪ್ಪಂದ. ನಾನೂ ಬಾಯ್ಬಿಟ್ಟಿಲ್ಲ," ಎಂದೂ ಹೇಳಿದ.

ಒಪ್ಪಂದ ಎಂಬ ಮಾತನ್ನು ಗೋಪಾಲಪ್ಪ ಕೇಳಿಸಿಕೊಂಡರು. ಆಮೇಲೆ ಎಷ್ಟೋ ಸಲ ಅವರು ತಮಗೆ ತಾವೇ ಹೇಳಿಕೊಂಡ ಸಮಾಧಾನಗಳೆಲ್ಲ ಇಲ್ಲಿಗೆ ಬಂದು ನಿಲ್ಲುತ್ತಿದ್ದವು. ತಮಗೆ ಗೊತ್ತಿರಲಿಲ್ಲ ಎನ್ನಲು ಬರುತ್ತಿರಲಿಲ್ಲ, ಗೊತ್ತಿತ್ತು. ಆ ಹೊತ್ತಿಗೆ ಮಾತ್ರ ಅವರ ಎದೆ ತುಂಬಿ ಬಂದಿತ್ತು, ತುಂಬಿದ ಎದೆಗೆ ಕಿವಿ ಸ್ವಲ್ಪ ಮಂದ. ಇಂಥ ತಾಯಿಯನ್ನು ಸನ್ಮಾನಿಸದೆ ಇನ್ಯಾರನ್ನು ಸನ್ಮಾನಿಸುವುದು ಎನಿಸಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಂದರೆ ಅವರಿಗೆ ಮೊದಲಿನಿಂದಲೂ ಕೈ ಮುಂದು. ಟಿವಿಯ ಕಾರ್ಯಕ್ರಮಗಳಲ್ಲಿ ಸ್ಪರ್ಧಿಗಳ ಎದುರಿಗೆ ಅವರ ಅಪ್ಪ ಅಮ್ಮನನ್ನು ಹಠಾತ್ತನೆ ತಂದು ನಿಲ್ಲಿಸುವುದನ್ನು ನೋಡಿ ಮನೆಯಲ್ಲಿ ಹೆಂಡತಿ ಅನುಸೂಯಮ್ಮನವರ ಜೊತೆ ಕೂತು ಕಣ್ಣೊರೆಸಿಕೊಂಡವರು. ಹುಡುಗಿಗೆ ಹೇಳಿಬಿಟ್ಟರೆ ಆ ಸೊಗಸೇ ಹೋಗುತ್ತದಲ್ಲ ಎಂದುಕೊಂಡು ಕುಲಪತಿಗಳ ಕಿವಿಗಷ್ಟೇ ಹಾಕಿದರು.

ವಾರ್ಷಿಕೋತ್ಸವದ ದಿನ ನಿರೂಪಣೆ ಸುಮಂಗಲಾಳದೇ. ನಡುವೆ ಗೋಪಾಲಪ್ಪ ವೇದಿಕೆ ಹತ್ತಿ, ನಗುತ್ತಾ, ಅವಳ ಕೈಯಿಂದ ಮೈಕು ತೆಗೆದುಕೊಂಡರು. ಈ ಕ್ಯಾಂಪಸ್ಸನ್ನು ಕಟ್ಟುತ್ತಿರುವ ಒಬ್ಬ ತಾಯಿ ಇದ್ದಾರೆ, ಆಕೆಯ ಮಗಳು ಯಾರೆಂದು ನಿಮಗೆ ಗೊತ್ತಾ ಎಂದು ಕೇಳಿದರು. ಪಕ್ಕದ ಬಾಗಿಲಿನಿಂದ ಆವಲಪ್ಪ ಹನುಮವ್ವನನ್ನು ಕರೆತಂದ. ಸಾಹೇಬರು ಕರೆಯುತ್ತಿದ್ದಾರೆ ಎಂದಷ್ಟೇ ಅವಳಿಗೆ ಹೇಳಿದ್ದ. ಮಗಳಿಂದ ಏನೋ ತಪ್ಪಾಗಿದೆ ಎಂದುಕೊಂಡೇ ಅವಳು ಓಡಿ ಬಂದಿದ್ದಳು. ಕಾಲಿಗೆ ಸಿಮೆಂಟು ಮೆತ್ತಿತ್ತು, ತಲೆಯ ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ ಮಗಳ ಮುಖ ನೋಡಿದಳು.

ಸುಮಂಗಲಾ ಗೋಪಾಲಪ್ಪನವರ ಕೈಯಿಂದ ಶಾಲು ತೆಗೆದುಕೊಂಡು ತಾಯಿಗೆ ಹೊದಿಸಿದಳು. ನಕ್ಕಳು ಕೂಡ. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು, ಎಲ್ಲರ ಕೈಯಲ್ಲೂ ಮೊಬೈಲು. ಕುಲಪತಿಗಳು ಅಲ್ಲೇ ಅವಳ ಶುಲ್ಕ ಮನ್ನಾ ಮಾಡಿದರು. ಗೋಪಾಲಪ್ಪ ಕಣ್ಣು ಒರೆಸಿಕೊಂಡರು. ತಮ್ಮ ನೌಕರಿ ಸಾರ್ಥಕವಾದ ದಿನ ಅದೇ ಎಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದರು.

ಮುಂದಿನ ಸಮಿತಿ ಸಭೆಯಲ್ಲಿ ಸುಮಂಗಲಾ ಹೇಳಿದ್ದಕ್ಕೆಲ್ಲ ಎಲ್ಲರೂ ಹೂಂ ಎಂದರು. ಒಬ್ಬನೂ ಎದುರಾಡಲಿಲ್ಲ. ಮೊದಲು ಅವಳ ಜೊತೆ ಗಂಟಲು ಹರಿದುಕೊಳ್ಳುತ್ತಿದ್ದ ಪ್ರಿಯಾಂಕಾ ಎಂಬ ಹುಡುಗಿ, ತಾನು ಹಾಕಿ ಬಿಟ್ಟ ಚೂಡಿದಾರುಗಳನ್ನು ಕವರಿನಲ್ಲಿ ತಂದು ಮೆಲ್ಲಗೆ ಅವಳ ಪಕ್ಕದಲ್ಲಿಟ್ಟಳು. ಪಾಪ ಎಂಬ ಮಾತು ಅವಳ ಹೆಸರಿಗೆ ಅಂಟಿಕೊಂಡಿತು. ಹನುಮವ್ವ ತಾನಾಗಿಯೇ ಕೇಳಿಕೊಂಡು ಪೀಣ್ಯದ ಕಡೆ ಬೇರೆ ಕೆಲಸಕ್ಕೆ ಹೋದಳೆಂದು ಆವಲಪ್ಪ ಹೇಳಿದ. ಗೋಪಾಲಪ್ಪ ಕಿಟಕಿಯಿಂದ ಬಗ್ಗಿ ನೋಡಿದರು, ಇಟ್ಟಿಗೆ ರಾಶಿಯ ಮೇಲೆ ಬಾಟಲಿ ಇರಲಿಲ್ಲ.

ಆ ವಾರವೇ ಸುಮಂಗಲಾ ಕಾರ್ಯದರ್ಶಿ ಕೆಲಸ ಬಿಡುತ್ತೇನೆಂದು ಹೇಳಲು ಬಂದಳು. ಗೋಪಾಲಪ್ಪ ಕಾರಣ ಕೇಳಿದರು. ಅವಳ ಬಾಯಲ್ಲಿ ಬೆಂಗಳೂರಿನ ಮಾತು ಇರಲಿಲ್ಲ.

"ನಮ್ಮವ್ವ ಯಾರು ಅಂತ ನಾನೇ ಹೇಳಬೇಕಂತ ಇದ್ದೆರಿ ಸರ. ಡಿಗ್ರಿ ತಗೊಳ್ಳೋ ದಿನ ಆಕಿಗೆ ಇಳಕಲ್ ಸೀರಿ ಉಡಿಸಿ ಕರ್ಕೊಂಡ ಬಂದು, ಎಲ್ಲಾರ ಮುಂದ ಹೇಳಬೇಕಂತ. ಅಲ್ಲೀತನಕ ಸುಮ್ನಿರೂಣು ಅಂತ ಇಬ್ರೂ ಮಾತಾಡ್ಕೊಂಡಿದ್ವಿ. ನೀವು ಹೇಳಿಬಿಟ್ರಿ."

"ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ಕಣಮ್ಮ."

"ಗೊತ್ತೈತ್ರಿ. ಅದಕ್ಕೇ ಬೈಯಾಕೂ ಬರವಲ್ದು."

ಗೋಪಾಲಪ್ಪನವರಿಗೆ ತಪ್ಪಾಯಿತು ಎನ್ನಬೇಕಿತ್ತು. ಅಷ್ಟರಲ್ಲಿ ಯಾರೋ ಒಳಗೆ ಬಂದರು, ಅವಳು ಹೊರಟುಹೋದಳು. ಯಾರೋ ಬಂದದ್ದು ನೆಪ. ಮಕ್ಕಳ ಹತ್ತಿರ ತಪ್ಪಾಯಿತು ಎಂದು ಹೇಳಿ ಅವರ ನಾಲಗೆಗೆ ಅಭ್ಯಾಸವಿರಲಿಲ್ಲ. ಆಮೇಲೆ ಒಂದು ವರ್ಷ ಅವಳು ತರಗತಿಗೆ ಬಂದಳು, ಪರೀಕ್ಷೆ ಬರೆದಳು, ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ. ಬರದೇ ಇರುವವರನ್ನು ಯಾಕೆ ಬರಲಿಲ್ಲವೆಂದು ಕೇಳುವ ಪದ್ಧತಿ ಇನ್ನೂ ಇತ್ತು, ಗೋಪಾಲಪ್ಪ ಅವಳೊಬ್ಬಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದರು. ಪದವಿ ಪ್ರದಾನದ ದಿನವೂ ಅವಳು ಬರಲಿಲ್ಲ. ಸರ್ಟಿಫಿಕೇಟನ್ನು ಆಮೇಲೆ ಆಫೀಸಿನ ಕಿಟಕಿಯಲ್ಲಿ ತೆಗೆದುಕೊಂಡು ಹೋದಳಂತೆ.

ಇಷ್ಟಕ್ಕೇ ಮುಗಿದಿದ್ದರೆ ಅವರು ಹೇಗೋ ಮರೆಯುತ್ತಿದ್ದರೇನೋ. ಆದರೆ ಮರುವರ್ಷದ ಹೊಸ ಸಮಿತಿಯ ಮಕ್ಕಳು ಕಣ್ಣರಳಿಸಿಕೊಂಡು ಬಂದು, ಈ ಸಲ ಸೆಕ್ಯೂರಿಟಿ ಕೆಲಸದ ಮುದಕಪ್ಪನವರನ್ನು ಇಲ್ಲೇ ಓದುವ ಅವರ ಮಗನ ಎದುರಿಗೆ ಹಠಾತ್ತನೆ ಕರೆತರುತ್ತೇವೆ ಎಂದರು. ಮಗನನ್ನು ಕೇಳಿದಿರಾ ಎಂದು ಗೋಪಾಲಪ್ಪ ತಡವರಿಸಿದರು. ಕೇಳಿದರೆ ಮಜಾ ಎಲ್ಲಿ ಸಾರ್ ಎಂದರು ಮಕ್ಕಳು. ಬೇಡವೆಂದು ಗದರಬಹುದಿತ್ತು. ಇದು ವಿದ್ಯಾರ್ಥಿಗಳದೇ ತೀರ್ಮಾನ, ನಾವು ತಲೆ ಹಾಕಬಾರದು ಎಂದು ಕುಲಪತಿಗಳು ಹೇಳಿಬಿಟ್ಟರು. ಹೀಗೆ ಅದು ವರ್ಷ ವರ್ಷವೂ ನಡೆಯಿತು. ಹನುಮವ್ವ ಕಣ್ಣು ಕಿರಿದು ಮಾಡಿ ನಿಂತ ಆ ವಿಡಿಯೋವನ್ನು ಅಡ್ಮಿಷನ್ ಸಮಯದಲ್ಲಿ ದೊಡ್ಡ ಪರದೆಯ ಮೇಲೆ ಹಾಕುತ್ತಿದ್ದರು. ಗೋಪಾಲಪ್ಪ ಆ ದಿನಗಳಲ್ಲಿ ಮುಂಬಾಗಿಲು ಬಿಟ್ಟು ಹಿಂದಿನ ಮೆಟ್ಟಿಲು ಹತ್ತುತ್ತಿದ್ದರು.

ನಿವೃತ್ತಿಯ ವರ್ಷ ಬಂತು. ನನಗೇನೂ ಮಾಡಬೇಡಿ, ಒಂದು ಟೀ ಕುಡಿದು ಹೋಗುತ್ತೇನೆ ಎಂದು ಅವರು ಎಲ್ಲರಿಗೂ ಹೇಳಿದ್ದರು. ಮಕ್ಕಳು ಆಗಲಿ ಸಾರ್ ಎಂದರು. ವಾರ್ಷಿಕೋತ್ಸವಕ್ಕೆ ಹೋಗಿ ಕೂತರೆ, ಎಂದೂ ಬಾರದ ಅನುಸೂಯಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿದ್ದರು. ಗೋಪಾಲಪ್ಪನವರಿಗೆ ಅರ್ಥವಾಯಿತು. ಎದ್ದು ಹೊರಗೆ ಹೋಗುವ ಮೊದಲೇ ಇಬ್ಬರು ಹುಡುಗರು ತೋಳು ಹಿಡಿದು ವೇದಿಕೆಗೆ ಹತ್ತಿಸಿದರು. ಬೆಳಕು ಮುಖಕ್ಕೇ ಬಿತ್ತು. ಮೊಬೈಲುಗಳು ಮೇಲೆದ್ದವು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಈ ಪದ್ಧತಿ ಯಾರಿಂದ ಶುರುವಾಯಿತೋ ಅವರೇ ಇವತ್ತು ಸಾರ್‌ಗೆ ಶಾಲು ಹೊದಿಸುತ್ತಾರೆ ಎಂದು ಮೈಕು ಕೂಗಿತು. ಪಕ್ಕದ ಬಾಗಿಲಿನಿಂದ ಸುಮಂಗಲಾ ಬಂದಳು.

ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದಾಳೆಂದು ಅವರು ಕೇಳಿದ್ದರು. ಅವಳು ಶಾಲನ್ನು ಅವರ ಹೆಗಲಿಗೆ ಹಾಕಿ, ಅಂಚು ಸರಿ ಮಾಡುವ ನೆಪದಲ್ಲಿ ಹತ್ತಿರ ಬಾಗಿದಳು.

"ನನ್ನನ್ನ ಕೇಳಿದ್ರು, ಬಂದೀನ್ರಿ. ನಿಮ್ಮನ್ನ ಯಾರೂ ಕೇಳಿಲ್ಲ, ಹೌದಲ್ರಿ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಗೋಪಾಲಪ್ಪ ಇಲ್ಲವೆಂದು ತಲೆಯಾಡಿಸಿದರು. ಅಷ್ಟರಲ್ಲಿ ಎರಡು ಮಾತು ಆಡಿ ಎಂದು ಮೈಕನ್ನು ಅವರ ಕೈಗೆ ತುರುಕಿದರು. ಇಷ್ಟು ವರ್ಷ ನಾಲಗೆಯ ತುದಿಯಲ್ಲೇ ಉಳಿದಿದ್ದ ಮಾತು ಈಗ ಹೊರಗೆ ಬರಲು ಸಿದ್ಧವಾಗಿತ್ತು. ಇಲ್ಲಿ ಆಡಿದರೆ ಸಭೆ ಮತ್ತೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ, ಮುಂದಿನ ವರ್ಷ ಅದೂ ದೊಡ್ಡ ಪರದೆಯ ಮೇಲೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಮೈಕನ್ನು ಹುಡುಗನ ಕೈಗೆ ವಾಪಸು ಕೊಟ್ಟು, ಅವಳ ಕಡೆ ತಿರುಗಿದರು.

"ನಿನ್ ಹತ್ರ ಒಂದ್ ಮಾತು ಹೇಳ್ಬೇಕು ಕಣಮ್ಮ. ಇಲ್ಲಿ ಬೇಡ. ಕೆಳಗಡೆ ಬಂದು ಹೇಳ್ಲಾ?"

ಸುಮಂಗಲಾ ಪಕ್ಕದ ಬಾಗಿಲಿನ ಕಡೆ ತಿರುಗಿ ನೋಡಿದಳು.

"ಅವ್ವ ಗೇಟಿನ ಹೊರಗ ನಿಂತಾಳ್ರಿ," ಎಂದಳು. "ಒಳಗ ಬರಂಗಿಲ್ಲ ಅಂದ್ಲು. ಮೊದ್ಲು ಆಕಿಗೆ ಹೇಳ್ರಿ."

ಗೋಪಾಲಪ್ಪ ಹೆಗಲ ಮೇಲಿನ ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು ಗೇಟಿನ ಕಡೆ ನಡೆದರು.