ಅವಾಲಿಯಲ್ಲಿ ಹನ್ನೆರಡು ದಿನದ ಬಾಣಂತನ

ಬೆಂಗಳೂರಿನಿಂದ ಬಹರೈನಿಗೆ ವಿಮಾನದಲ್ಲಿ ನಾಲ್ಕೂವರೆ ಗಂಟೆ, ಹೋಗಿಬರುವ ಟಿಕೆಟ್ಟಿಗೆ ಹತ್ತೊಂಬತ್ತು ಸಾವಿರ. ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕೂತದ್ದೇ ಅದಕ್ಕಿಂತ ಹೆಚ್ಚು ಹೊತ್ತು. ಬ್ಯಾಗಿನಲ್ಲಿ ಅಂಟಿನುಂಡೆ, ಓಮ, ಒಣಶುಂಠಿ, ನಾಲ್ಕು ಕುಲಾವಿ ಇದ್ದವು. ನನ್ನ ತಮ್ಮ ಪ್ರಕಾಶನಿಗೆ ಮಗಳು ಹುಟ್ಟಿ ಐದು ದಿನವಾಗಿತ್ತು. ಅವನ ಹೆಂಡತಿ ಒಕ್ಸಾನಾ ಉಕ್ರೇನಿನವಳು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ, ನಮ್ಮಮ್ಮನಿಗೆ ಮಂಡಿನೋವು. ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ಜನರಿಗೆ ಬುದ್ಧಿ ಹೇಳಿಯೇ ನಿವೃತ್ತಳಾದ ನನಗೆ ಈ ಕೆಲಸ ಬಂತು. ಖುಷಿಯಿಂದಲೇ ಹೊರಟೆ.

ವಿಮಾನ ನಿಲ್ದಾಣದಿಂದ ಅರಾದ್ ಎಂಬ ಊರು ದಾಟಿ, ಸೇತುವೆ ಹತ್ತಿ ಇಳಿದು ಅವಾಲಿ ಸೇರಲು ಅರ್ಧ ಗಂಟೆ ಹಿಡಿಯಿತು. ಪ್ರಕಾಶ ಕೆಲಸ ಮಾಡುವ ತೈಲ ಕಂಪನಿ ತನ್ನ ನೌಕರರಿಗೆ ಕಟ್ಟಿಸಿದ ಊರು. ಪ್ರತಿ ಮನೆಯ ಮುಂದೂ ಒಂದು ಕಾರು. ಏಪ್ರಿಲ್ ತಿಂಗಳು, ಹೊರಗೆ ಮೂವತ್ತೈದು ಡಿಗ್ರಿ. ಬಾಗಿಲು ತೆರೆದ ಒಕ್ಸಾನಾಳ ಕತ್ತಿಗೆ ಮಾತ್ರ ನೀಲಿ ಸ್ಕಾರ್ಫ್ ಬಿಗಿಯಾಗಿ ಸುತ್ತಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಗಲೇ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮ, ನಮ್ಮ ಹುಡುಗೀರಿಗೆ ಎಷ್ಟು ಬಡ್ಕೊಂಡ್ರೂ ಕಿವಿಗೆ ಬಟ್ಟೆ ಕಟ್ಟಲ್ಲ. ಇವಳು ನೋಡು, ಯಾರೂ ಹೇಳದೇನೇ ಗಾಳಿ ತಾಗಬಾರ್ದು ಅಂತ ಕತ್ತು ಮುಚ್ಕೊಂಡು ಕೂತಿದಾಳೆ."

ಎರಡನೆಯ ದಿನ ಸನದ್ ಎಂಬ ಹತ್ತಿರದ ಊರಿನ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವರು ಉಡುಪಿಯವರು. ಸಬ್ಬಸಿಗೆ ಸೊಪ್ಪು ಇದೆಯಾ ಎಂದೆ. "ಉಂಟು ಅಕ್ಕ. ಬಾಣಂತಿಗಾ? ಹಾಗಾದ್ರೆ ಬೆಳ್ಳುಳ್ಳಿ ಸಹ ತಗೊಂಡು ಹೋಗಿ" ಎಂದು ಎರಡು ಕಟ್ಟು ಜಾಸ್ತಿಯೇ ಹಾಕಿದರು. ಮನೆಗೆ ತಂದರೆ ಒಕ್ಸಾನಾ ಸೊಪ್ಪಿನ ಕಟ್ಟಿಗೆ ಮುಖವಿಟ್ಟು ಕಣ್ಣು ಮುಚ್ಚಿದಳು. "ಅಕ್ಕ, ಇದು ನಮ್ಮ ಊರು ಸೊಪ್ಪು! ನನ್ನ ಅಜ್ಜಿ ಎಲ್ಲಾದಕ್ಕೂ ಹಾಕ್ತಾ ಇದ್ರು." ಪ್ರಕಾಶ ಕಲಿಸಿದ ಕನ್ನಡ ಅದು. ಸೊಪ್ಪು ಹಾಕಿದ ತೊವ್ವೆಯನ್ನು ಮೂರು ಸಲ ಬಡಿಸಿಕೊಂಡಳು. ನಾನು ಉಬ್ಬಿಹೋದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಒಕ್ಸಾನಾ ತನ್ನ ಎದೆಹಾಲನ್ನು ಸಿಂಕಿಗೆ ಸುರಿಯುತ್ತಿದ್ದಳು. ಮಗುವಿಗೆ ಡಬ್ಬಿಯ ಹಾಲು ಕಲಸಿ ಇಟ್ಟಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡೇ ಕೂಸಿಗೆ ಕುಡಿಸುತ್ತಿದ್ದುದರಿಂದ ಅಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ. "ಏನಮ್ಮ ಇದು? ಅಮೃತದಂಥ ಹಾಲು, ಮೋರಿಗೆ ಹಾಕ್ತಿದೀಯಲ್ಲ?"

ಅವಳು ಸ್ಕಾರ್ಫ್ ಬಿಚ್ಚಿದಳು. ಕತ್ತಿನ ಈ ಬದಿಯಿಂದ ಆ ಬದಿಗೆ ದಾರ ಎಳೆದ ಹಾಗೆ ಒಂದು ಗೆರೆಯಿತ್ತು.

"ಚೆರ್ನೋಬಿಲ್ ಸುಟ್ಟಾಗ ನಾನು ನಾಲ್ಕು ವರ್ಷ. ಗಾಳಿ ನಮ್ಮೂರಿಗೆ ಬಂತು. ಹುಲ್ಲು ಮೇಲೆ ವಿಷ ಬಿತ್ತು, ಹಸು ತಿಂತು, ನಾನು ಹಾಲು ಕುಡಿದೆ. ಹನ್ನೊಂದು ವರ್ಷಕ್ಕೆ ಥೈರಾಯ್ಡ್ ಕ್ಯಾನ್ಸರ್. ನಮ್ಮ ಕ್ಲಾಸಲ್ಲಿ ಮೂರು ಮಕ್ಕಳಿಗೆ." ಗ್ರಂಥಿ ತೆಗೆದಿದ್ದರು, ಅಂದಿನಿಂದ ದಿನಾ ಬೆಳಿಗ್ಗೆ ಒಂದು ಮಾತ್ರೆ. "ನನ್ನ ಹಾಲಲ್ಲಿ ಏನೂ ಇಲ್ಲ, ಕುಡಿಸು ಅಂತಾರೆ ಡಾಕ್ಟರ್. ಅಜ್ಜಿ ಕೂಡ ಹಸು ಹಾಲಲ್ಲಿ ಏನೂ ಇಲ್ಲ ಅಂದ್ಕೊಂಡಿದ್ರು."

ಇಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಮಾಡುವಂತೆ ಇವಳ ಕೂಸಿಗೂ ಹಿಮ್ಮಡಿ ಚುಚ್ಚಿ ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆದಿದ್ದರು. ಅದರ ವರದಿ ಬರುವವರೆಗೆ ಹಾಲು ಕೊಡುವುದಿಲ್ಲ ಎಂದು ಒಕ್ಸಾನಾ ಶಪಥ ಮಾಡಿದ್ದಳು. ನಾಲ್ಕು ದಿನ ಗಾಳಿ ತಾಗುತ್ತೆ, ಗಾಳಿ ತಾಗುತ್ತೆ ಎಂದು ಇವಳ ಮುಂದೆ ಬಡಬಡಿಸಿದ್ದೆನಲ್ಲ, ನಾಚಿಕೆಯಿಂದ ಸತ್ತುಹೋದೆ. "ಆಯ್ತು ಬಿಡು. ವರದಿ ಬರೋ ಹೊತ್ತಿಗೆ ಹಾಲು ಬತ್ತಿರಬಾರ್ದು. ಸೊಪ್ಪು ತಿನ್ನು" ಎಂದೆ. ಒಕ್ಸಾನಾ ಅಳುತ್ತಲೇ ನಕ್ಕಳು.

ಏಳನೆಯ ದಿನ ಮಧ್ಯಾಹ್ನ ಪ್ರಕಾಶ ಕೆಲಸದ ಮಧ್ಯೆ ಆಸ್ಪತ್ರೆಗೆ ಹೋಗಿ, ಮನೆಗೆ ಓಡಿಬಂದ. ಬೂಟು ಬಿಚ್ಚದೆ ಒಳಗೆ ನುಗ್ಗಿ "ಅಕ್ಕ, ನಾರ್ಮಲ್!" ಎಂದ. ಒಕ್ಸಾನಾ ಕಾಗದ ಕಿತ್ತುಕೊಂಡು ಎರಡು ಸಲ ಓದಿದಳು. ಸ್ಕಾರ್ಫನ್ನು ಸೋಫಾದ ಮೇಲೆ ಎಸೆದು ಮಗುವನ್ನು ಎತ್ತಿಕೊಂಡಳು. ಬಾಟಲಿಗೆ ಒಗ್ಗಿದ್ದ ಕೂಸು ಮೊದಲು ಮುಖ ತಿರುಗಿಸಿ ಅತ್ತಿತು, ಆಮೇಲೆ ಎದೆಗೆ ಬಾಯಿ ಹಾಕಿದ್ದೇ ಬಿಡಲಿಲ್ಲ. ಪ್ರಕಾಶ ಗೋಡೆ ನೋಡುತ್ತಾ ಮೂಗು ಒರೆಸಿಕೊಂಡ. ನಾನು ಮಡಚಿದ್ದ ಲಂಗೋಟಿಗಳನ್ನೇ ಮತ್ತೆ ಮಡಚಿದೆ. ಮರುದಿನ ನಾಮಕರಣದಲ್ಲಿ ಅಮ್ಮ ಕಳಿಸಿದ ಕರಿಮಣಿ ಸರ ಒಕ್ಸಾನಾಳ ಕತ್ತಿನ ಆ ಗೆರೆಯ ಮೇಲೇ ಕೂತಿತ್ತು. ನೆರೆಹೊರೆಯವರೆಲ್ಲ ನೋಡಿದರು. ಒಕ್ಸಾನಾ ಮುಚ್ಚಿಕೊಳ್ಳಲಿಲ್ಲ.

ನಾನು ಹೊರಡುವ ದಿನ ಇಬ್ಬರೂ ಕೂಸನ್ನು ಎತ್ತಿಕೊಂಡು ನಿಲ್ದಾಣದವರೆಗೆ ಬಂದರು. ಒಳಗೆ ಏಸಿ ಜೋರಾಗಿತ್ತು, ನಾನು ಸೆರಗು ಹೊದ್ದುಕೊಂಡೆ. ಒಕ್ಸಾನಾ ಕೈಚೀಲದಿಂದ ಆ ನೀಲಿ ಸ್ಕಾರ್ಫ್ ತೆಗೆದು ನನ್ನ ಕತ್ತಿಗೆ ಬಿಗಿಯಾಗಿ ಸುತ್ತಿದಳು.

"ಗಾಳಿ ತಾಗುತ್ತೆ, ಅಕ್ಕ" ಎಂದಳು, ನನ್ನ ರಾಗದಲ್ಲೇ.

ದಾವಣಗೆರೆಯಲ್ಲಿ ಇಳಿದಾಗ ನಲವತ್ತು ಡಿಗ್ರಿ ಬಿಸಿಲಿತ್ತು. ಆಟೋದವನು ನನ್ನ ಕತ್ತನ್ನೇ ನೋಡಿದ. ಮನೆ ಮುಟ್ಟುವವರೆಗೂ ನಾನು ಅದನ್ನು ಬಿಚ್ಚಲಿಲ್ಲ.