ಕೌದಿಯ ಆ ಬದಿ

ಮದುವೆಯಾಗಿ ಸಂಪಗಾಂವದಿಂದ ಸವದತ್ತಿಗೆ ಬಂದ ಹೊಸದರಲ್ಲಿ ನನಗೆ ಪಕ್ಕದ ಮನೆಯ ಚಾಚಿಯ ಮೇಲೆ ವಿಪರೀತ ಹೊಟ್ಟೆಕಿಚ್ಚು. ತೊಂಬತ್ತರ ದಶಕದ ನಡುವಿನ ಮಾತು. ಚಾಚಿಯ ಗಂಡ ಲಾರಿ ಓಡಿಸುತ್ತಿದ್ದರು. ಮಧ್ಯಾಹ್ನದ ಕೆಲಸ ಮುಗಿಯುತ್ತಲೇ ಆಕೆ ಸೂಜಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದಳು. ಅತ್ತೆ ಹಳೆಯ ಧೋತರ, ಸವೆದ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿಟ್ಟು ಕಾಯುತ್ತಿದ್ದರು. ಕೌದಿಯ ಈ ಬದಿ ಅತ್ತೆ, ಆ ಬದಿ ಚಾಚಿ. ನನ್ನ ಮುಂದೆ ತುಟಿ ಬಿಚ್ಚದ ಅತ್ತೆ ಆಕೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು.

ಕೌದಿ ಹೊಲಿಯುವುದು ನನಗೂ ಗೊತ್ತಿತ್ತು. ನಮ್ಮವ್ವ ಕಲಿಸಿದ್ದಳು. ಒಂದು ದಿನ ಧೈರ್ಯ ಮಾಡಿ, "ಅತ್ತೀ, ನಾನೂ ಒಂದು ಸಾಲು ಹಾಕ್ಲೇನ್ರಿ?" ಎಂದು ಕೇಳಿದೆ.

"ನೀ ಸೂಜಿಗಿ ದಾರಾ ಪೋಣಿಸಿ ಕೊಡು. ನಮಗ ಕಣ್ಣು ಕಾಣೂದಿಲ್ಲ" ಎಂದರು.

ಪೋಣಿಸಿ ಕೊಟ್ಟೆ. ಸಾಲದೆಂದು ತವರಿನಿಂದ ತಂದಿದ್ದ ನೇರಳೆ ಖಣವನ್ನೂ ಟ್ರಂಕಿನಿಂದ ತೆಗೆದುಕೊಟ್ಟೆ. ಕುಪ್ಪಸ ಹೊಲಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದ ಖಣ ಅದು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ನೇರ ಚಾಚಿಯ ಕೈಗಿಟ್ಟರು. "ಎಲ್ಲಿ ಹಚ್ಚೂಣು ಹೇಳು?"

"ನಟ್ಟ ನಡುವ ಹಚ್ಚೂಣು ಯಕ್ಕಾ. ಎದ್ದು ಕಾಣಬೇಕು" ಎಂದಳು ಚಾಚಿ.

ನನ್ನ ಖಣ ಕೌದಿಯ ನಡುವೆಯೇ ಕುಳಿತಿತು. ಆದರೂ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಕುಕ್ಕಿ ಕುಕ್ಕಿ ಇಟ್ಟೆ. ಜಾಗ ಆರಿಸಿದ್ದು ಆಕೆಯಲ್ಲವೇ!

ಕೌದಿ ಅರ್ಧವಾಗಿದ್ದಾಗ ಚಾಚಿಯ ಮಗ ರಾಮದುರ್ಗದಲ್ಲಿ ಗ್ಯಾರೇಜು ಹಾಕಿದ. ಮನೆಮಂದಿಯೆಲ್ಲ ಅಲ್ಲಿಗೆ ಹೊರಟರು. ಅತ್ತೆ ಬೀದಿಯ ತುದಿಯವರೆಗೂ ಹೋಗಿ ಕಳಿಸಿ ಬಂದರು. ನನಗೋ ಒಳಗೊಳಗೇ ಹಬ್ಬ. ಮರುದಿನ ಚಹಾ ಮಾಡಿ ತಂದು, ಖಾಲಿಯಾಗಿದ್ದ ಆ ಬದಿಯಲ್ಲಿ ಕುಳಿತೇಬಿಟ್ಟೆ. ಅತ್ತೆ ಬೇಡವೆನ್ನಲಿಲ್ಲ. ಒಂದೆರಡು ಸಾಲು ಮುಗಿಯುವಷ್ಟರಲ್ಲಿ ಕೌದಿಯ ಮೇಲೆ ಕೈಯಾಡಿಸಿ, "ಇರ್ಲಿ ಬಿಡವಾ, ಕೈ ಬ್ಯಾರೆ ಕಾಣಸತೈತಿ" ಎಂದು ಸುತ್ತಿ ಎತ್ತಿಟ್ಟರು.

ಆಮೇಲೊಂದು ಮುಂಜಾನೆ ಅದೇ ಕೌದಿಯ ಗಂಟನ್ನು ನನ್ನ ತಲೆಯ ಮೇಲೆ ಹೊರಿಸಿ, ನನ್ನನ್ನೂ ಕರೆದುಕೊಂಡು ಅತ್ತೆ ರಾಮದುರ್ಗದ ಬಸ್ಸು ಹತ್ತಿದರು.

ಚಾಚಿ ಕೌದಿ ಬಿಚ್ಚಿದವಳೇ ನನ್ನ ಸಾಲುಗಳ ಮೇಲೆ ಬೆರಳಿಟ್ಟಳು. "ಇದು ಸೊಸಿ ಕೈ ಹೌದಲ್ಲೋ? ಇಷ್ಟು ಸಣ್ಣ ಹೊಲಗಿ ನನಗೂ ಬರೂದಿಲ್ಲ ನೋಡ್ ಯಕ್ಕಾ."

"ಹೂಂ, ಅವರವ್ವ ಕಲಿಸ್ಯಾಳ" ಎಂದರು ಅತ್ತೆ. ಆ ಮಾತು ಅವರ ಬಾಯಿಂದ ಬರಲೂ ಚಾಚಿಯೇ ಬೇಕಾಯಿತಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.

ಚಹಾ ಮಾಡಲು ಒಳಗೆ ಹೋದರೆ ಅಲ್ಲಿ ಚಾಚಿಯ ಸೊಸೆ ಮುಖ ಊದಿಸಿಕೊಂಡು ಕುಳಿತಿದ್ದಳು. "ಇಲ್ಲಿಗಿ ಬಂದಾಗಿಂದ ನಮ್ಮತ್ತಿ ಬಾಯಾಗ ನಿಮ್ಮತ್ತಿದಽ ಮಾತು. ನಾ ಏನ್ ಮಾಡಿದ್ರೂ, ಯಕ್ಕಾ ಹಿಂಗ ಮಾಡತಿದ್ಲು ಅಂತಾರ" ಎಂದು ಪಿಸುಗುಟ್ಟಿದಳು. ನನ್ನ ಗೋಳನ್ನೂ ಹೇಳಿಕೊಂಡೆ. ಪಾತ್ರೆಯಲ್ಲಿ ಚಹಾ ಉಕ್ಕಿ ಒಲೆಗೆ ಚೆಲ್ಲಿದ್ದೂ ನಮಗೆ ತಿಳಿಯಲಿಲ್ಲ. ಅಂದಿನಿಂದ ರಾಮದುರ್ಗಕ್ಕೆ ಹೋಗುವುದೆಂದರೆ ನನಗೂ ಬೇಸರವಾಗುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಕೌದಿ ಪೂರ್ತಿಯಾಯಿತು. ಅದು ನಮ್ಮ ಮನೆಗೇ ಬರುತ್ತದೆ, ನಾನೇ ಹೊದೆಯುತ್ತೇನೆ ಎಂದು ಎಣಿಸಿದ್ದೆ. ಅತ್ತೆ ಅದನ್ನು ಮಡಚಿ ಚಾಚಿಯ ಹಾಸಿಗೆಯ ಮೇಲಿಟ್ಟು, ಬರಿಗೈಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರು. ಬಸ್ಸು ಬಹಳ ದೂರ ಬಂದ ಮೇಲೆ ತಡೆಯಲಾಗದೆ, "ನನ್ನ ಖಣಾ ಅದರಾಗ ಇತ್ತಲ್ರೀ ಅತ್ತೀ" ಎಂದೆ.

"ಗೊತ್ತೈತಿ. ಆಕಿ ಇನ್ನ ನಮ್ಮ ಓಣಿಗಿ ಬರೂದಿಲ್ಲ ಬಿಡವಾ. ನಮ್ಮ ಮನಿದು ಏನರೆ ಚಂದಂದು ಆಕಿ ಹತ್ರ ಇರ್ಲಿ" ಎಂದು ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮಳೆಗಾಲ ಹಿಡಿದಾಗ ಅವರು ಮತ್ತೆ ಹಳೆಯ ಸೀರೆ ಹಾಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ. "ಯಾಕ ನಿಂತಿ? ಆ ಕಡೆ ಕುಂದ್ರು" ಎಂದರು. ಕುಳಿತೆ. ತುಂಡು ಜೋಡಿಸುವಾಗ, "ಆಕಿ ಇದ್ದಿದ್ರ ಇಲ್ಲಿ ಹಸರು ಹಚ್ಚತಿದ್ಲು" ಎಂದರು.

ನಾನು ಕೆಂಪನ್ನೇ ಹಚ್ಚಿದೆ.