ಅಕ್ಕನ ಹೆಸರಿಗೆ ಹೊಂದುವ ಹೆಸರು

ನನ್ನ ಮಗಳ ಮೊದಲ ಹೆಣ್ಣುಕೂಸು ವೇಲ್ಸ್‌ನಲ್ಲಿ ಹುಟ್ಟಿ, ಮಾತು ಬರುವ ಮುಂಚೆಯೇ ಜ್ವರದಲ್ಲಿ ಹೋಯಿತು. ಅಳಿಯ ಅಲ್ಲಿಯವನು, ಕೂಸಿಗೆ ಅವನ ವೆಲ್ಶ್ ಭಾಷೆಯ ಹೆಸರನ್ನೇ ಇಟ್ಟಿದ್ದರು. ಎರಡನೆಯ ಹೆರಿಗೆಗೆ ಮಗಳು ಜಮಖಂಡಿಗೆ ಬಂದಳು.

ತೊಟ್ಟಿಲಿಗೆ ಹಾಕುವ ದಿನ ನೆರೆಮನೆಯ ಅಜ್ಜಿ, "ಒಂದ್ ಕೂಸು ಹ್ವಾದ ಮ್ಯಾಲ ಹುಟ್ಟಿದ್ದಕ್ಕ ತಿಪ್ಪವ್ವ ಅಂತ ಕರೀರಿ. ಕಸಾ ಅಂತ ತಿಳಿದು ಸಾವು ಮುಟ್ಟಂಗಿಲ್ಲ" ಎಂದಳು. ಕಾನ್ವೆಂಟಿನಲ್ಲಿ ಓದಿದ ನನಗೂ ಅದನ್ನು ಸೂಪರ್‌ಸ್ಟಿಷನ್ ಎನ್ನುವ ಧೈರ್ಯವಾಗಲಿಲ್ಲ.

"ಬ್ಯಾಡ ಅವ್ವಾ," ಎಂದಳು ಮಗಳು. "ಅಕ್ಕನ ಹೆಸರಿಗೆ ಮ್ಯಾಚ್ ಆಗೂ ವೆಲ್ಶ್ ಹೆಸರೇ ಬೇಕು. ಇಬ್ಬರನ್ನೂ ಕೂಡೇ ಕರೀಬೇಕು ನಾ."

ಅವಳು ಆರಿಸಿದ ಹೆಸರನ್ನು ನಾಲಿಗೆಗೆ ರೂಢಿ ಮಾಡಿಕೊಂಡು ತೊಟ್ಟಿಲಿಗೆ ಬಾಗಿದೆ. ಕೂಸಿನ ಕಿವಿಯಲ್ಲಿ ಮೊದಲು ಅಕ್ಕನ ಹೆಸರು, ಆಮೇಲೆ ಅದರದು ಹೇಳಿದೆ. ಮಗಳು ಸೆರಗನ್ನು ಬಾಯಿಗೊತ್ತಿಕೊಂಡಳು.

"ಇನ್ನೊಮ್ಮೆ ಕರಿ ಅವ್ವಾ," ಎಂದಳು.